ಸೂರಜನಿಗೆ ಸಲ್ಲದ ದನಿ

ಕಾರವಾರದ ಕೋಡಿಬಾಗದ ಬಾರಿನಲ್ಲಿ ಶನಿವಾರ ಸಂಜೆ ಯಾರು ಹಾಡಬೇಕು ಎಂದು ತೀರ್ಮಾನಿಸುವವನು ಚಿತ್ತಾಕುಲದ ಸೂರಜ್. ಮಾಲೀಕ ಪಾಂಡುವಿಗೆ ಗಿರಾಕಿಗಳನ್ನು ನೋಡಿಕೊಳ್ಳುವುದೇ ಸಾಕಾಗಿತ್ತು, ಹಾಗಾಗಿ ಆ ಅಧಿಕಾರ ತಾನಾಗಿ ಸೂರಜನ ಕೈಗೆ ಬಂದಿತ್ತು. ಅವನು ಏಳು ಹಾಡು ಬರೆದು ಯೂಟ್ಯೂಬಿಗೆ ಹಾಕಿದವನು. ಏಳರಲ್ಲೂ ಕಡಲು, ಒಂಟಿತನ, ಮತ್ತೆ ಕಡಲು. ತಿಂಗಳ ನಾಲ್ಕು ಶನಿವಾರಗಳಲ್ಲಿ ಮೂರನ್ನು ತಾನೇ ಇಟ್ಟುಕೊಂಡು, ಉಳಿದೊಂದಕ್ಕೆ ತನಗಿಂತ ಕೆಟ್ಟದಾಗಿ ಹಾಡುವವರನ್ನು ಹುಡುಕುತ್ತಿದ್ದ. ಅಂಥವರು ಸಿಗುವುದು ಸುಲಭವಿರಲಿಲ್ಲ.

ಇದನ್ನೆಲ್ಲ ಅಮಿತಾ ಐದು ವರ್ಷದಿಂದ ನೋಡುತ್ತ ಬಂದಿದ್ದಳು. ಕೇಣಿಯವಳು, ಅಂಕೋಲೆಯ ಔಷಧಿ ಅಂಗಡಿಯಲ್ಲಿ ಕೆಲಸ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು ಸೂರಜನ ಪಕ್ಕದಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಅವನ ಗಂಟಲು ಏರಲಾರದ ಕಡೆ ತಾನು ದನಿಗೂಡಿಸಿ ಮಾನ ಉಳಿಸುತ್ತಿದ್ದಳು. ಚಪ್ಪಾಳೆ ಬಿದ್ದಾಗ ಅವನು ಕಣ್ಣು ಮುಚ್ಚಿ ಒಬ್ಬನೇ ತಲೆಬಾಗುತ್ತಿದ್ದ.

ಒಂದು ದಿನ ಅವಳು, ತಾನೂ ಒಂದು ಹಾಡು ಕಟ್ಟಿದ್ದೇನೆ ಎಂದಳು.

“ನೀನಾ? ಎಂತದ್ರ ಮೇಲೆ, ಕೆಮ್ಮಿನ ಔಷಧಿ ಮೇಲನಾ?” ಸೂರಜ್ ಬಿದ್ದು ಬಿದ್ದು ನಕ್ಕ.

ಅಮಿತಾಳ ಮನೆಯ ಬಾವಿಗೆ ಉಪ್ಪುನೀರು ನುಗ್ಗಿದ ವರ್ಷ ಅಮ್ಮ ಕೊಡ ಹೊತ್ತು ಊರೆಲ್ಲ ಸುತ್ತಿದ್ದರ ಮೇಲಿನ ಹಾಡು ಅದು. ಅಮಿತಾ ಅದನ್ನು ಫೋನಿನಲ್ಲಿ ಹಾಡಿ ರೆಕಾರ್ಡ್ ಮಾಡಿ, ಚಿಕ್ಕಪ್ಪನ ಮಗಳು ರಕ್ಷಿತಾಳ ನಂಬರಿನಿಂದ, ‘ಕೇಣಿಯ ರಕ್ಷಿತಾ’ ಎಂಬ ಹೆಸರಿನಲ್ಲೇ ಸೂರಜನಿಗೆ ಕಳಿಸಿದಳು.

ಮುಂದಿನ ಶನಿವಾರ ನಾಲ್ಕು ಗಂಟೆಗೆ ಬಾರು ಖಾಲಿ ಇತ್ತು. ಸೂರಜ್ ಕಾಲು ಚಾಚಿ ಕೂತು, ಅವಕಾಶ ಕೇಳಿ ಬಂದ ಹಾಡುಗಳನ್ನು ಒಂದೊಂದಾಗಿ ಬಾರಿನ ಸ್ಪೀಕರಿನಲ್ಲಿ ಹಚ್ಚಿ ಕೇಳುತ್ತಿದ್ದ. ಅಮಿತಾಳ ಹಾಡು ಬಂತು. ಪಕ್ಕದಲ್ಲಿ ಕೀಬೋರ್ಡ್ ಜೋಡಿಸುತ್ತಿದ್ದ ಅವಳು ಕಿವಿಗೊಟ್ಟಳು. ಅವನು ಪಲ್ಲವಿ ಮುಗಿಯುವುದಕ್ಕೂ ಬಿಡಲಿಲ್ಲ.

“ಯಾರೋ ನಿಮ್ಮ ಕೇಣಿಯವಳೇ. ಗುರ್ತದೆಯಾ? ಮದುವೆ ಮನೇಲಿ ಬಡಿಸ್ತಾ ಹಾಡೂ ದನಿ ಇದು. ನೀನೇ ಬರ್ದು ಕಳ್ಸು, ‘ನಿಮ್ಮ ದನಿಗೆ ತನ್ನದೇ ಗುರುತು ಇಲ್ಲ’ ಹೇಳಿ.”

ಅವಳು ಅವನ ಫೋನು ತೆಗೆದುಕೊಂಡು ಅಕ್ಷರ ಬಿಡದೆ ಬರೆದು ಕಳಿಸಿದಳು. ಇಂಥವನು ಏನಾದರೂ ಮೆಚ್ಚಿಯಾನು ಎಂದು ಐದು ವರ್ಷ ಕಾದ ತನ್ನ ಮೇಲೆಯೇ ಅವಳಿಗೆ ಹೇಸಿಗೆ ಬಂತು.

ಕೌಂಟರಿನ ಹಿಂದೆ ಗ್ಲಾಸು ಒರೆಸುತ್ತಿದ್ದ ಪಾಂಡು ತಲೆ ಎತ್ತಿದ. “ಅದು ಅಮಿತಾನ ದನಿ ಅಲ್ದನಾ?”

ಸೂರಜನ ಮುಖ ಒಂದು ಕ್ಷಣ ಪೆಚ್ಚಾಯಿತು. ಮರುಕ್ಷಣವೇ ಸಾವರಿಸಿಕೊಂಡ. “ನಂಗೆ ಮೊದ್ಲೇ ಗೊತ್ತಿತ್ತು. ಇವ್ಳು ಹೇಳ್ತಾಳಾ ಇಲ್ವಾ ನೋಡ್ತಿದ್ದೆ. ಸ್ಪೀಕರೂ ಸರಿ ಇಲ್ಲ ಬಿಡು.”

ಗೊತ್ತಾಗಲಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಿದ್ದರೆ ಅಮಿತಾ ಆ ದಿನವೂ ಅವನ ಜೊತೆ ನುಡಿಸುತ್ತಿದ್ದಳೇನೋ. “ಪಾಂಡಣ್ಣಾ, ಇವತ್ತು ನಾ ಒಬ್ಳೇ ಹಾಡ್ತೆ. ಆಗ್ತದಾ?” ಎಂದಳು.

“ಅದನ್ನ ನಿಶ್ಚಯ ಮಾಡೂದು ನಾನು,” ಎಂದ ಸೂರಜ್.

“ಬಾರು ನಂದು ಮಾರಾಯಾ,” ಎಂದ ಪಾಂಡು. “ಹಾಡು ಅಮಿತಾ.”

ಏಳು ಗಂಟೆಗೆ ಅವಳು ಹಾಡಿದಳು. ಎರಡು ಟೇಬಲಿನವರು ಮಾತು ನಿಲ್ಲಿಸಲಿಲ್ಲ, ಒಬ್ಬ ಸಿನಿಮಾ ಹಾಡು ಬೇಕೆಂದು ಕೂಗಿದ. ಆದರೆ ಬಾವಿಯ ಹಾಡಿಗೆ ಬಾಗಿಲ ಬಳಿ ಕೂತಿದ್ದ ಮಾಜಾಳಿಯ ಗೌಂಡಿಯೊಬ್ಬ ಗ್ಲಾಸು ಕೆಳಗಿಟ್ಟು, “ನಮ್ಮಲ್ಲೂ ಹಾಂಗೇ ಆಗಿತ್ತು ತಂಗೀ, ಇನ್ನೊಮ್ಮೆ ಹೇಳು,” ಎಂದ. ಅವಳು ಇನ್ನೊಮ್ಮೆ ಹಾಡಿದಳು. ಮೂಲೆಯಲ್ಲಿ ಸೂರಜ್ ಕಿವಿಗೆ ಏನೂ ಬೀಳದವನಂತೆ ಗಿಟಾರಿನ ತಂತಿ ಬಿಗಿಮಾಡುತ್ತಲೇ ಇದ್ದ.

ಮರುವಾರ ಅವನು ಒಬ್ಬನೇ ನಿಂತ. ಎತ್ತರದ ಸ್ವರ ಬಂದಾಗ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ದನಿ ಒಡೆಯಿತು. ಜನ ನಗಲಿಲ್ಲ, ತಿನ್ನಲು ಬಂಗಡೆ ಫ್ರೈ ತರಿಸಿಕೊಂಡರು ಅಷ್ಟೇ. ಆ ತಿಂಗಳಿಂದ ಪಾಂಡು ತಾನೇ ಹಾಡುವವರಿಗೆ ಫೋನು ಮಾಡತೊಡಗಿದ. ಎರಡು ಶನಿವಾರ ಅಮಿತಾಳಿಗೆ ಸಿಕ್ಕಿದವು.

ಸೂರಜ್ ಈಗ ಸದಾಶಿವಗಡದಿಂದ ಅಂಕೋಲೆಯವರೆಗೆ ಕಂಡಕಂಡವರಿಗೆಲ್ಲ, “ಅಮಿತಾನ ದನಿ ಮೊದ್ಲು ಗುರುತಿಸಿದ್ದೇ ನಾನು,” ಎಂದು ಹೇಳಿಕೊಂಡು ತಿರುಗುತ್ತಾನೆ. ಈ ಮಾತು ಕಿವಿಗೆ ಬಿದ್ದ ದಿನ ಅಮಿತಾ, “ಹೇಳ್ಕಳ್ಲಿ ಪಾಪ, ಅವನ ಎಂಟನೇ ಹಾಡು ಅದು,” ಎಂದಳು.