ಎಡಕ್ಕೆ ಕೆಂಪು

ಅಕ್ಕ ತನ್ನ ದೋಣಿಯ ಪ್ಲಗ್ಗುಗಳಿಗೆ ಬೆಸುಗೆ ಹಾಕುವ ಕೆಲಸ ಒಪ್ಪಿಸಿದಾಗಲೇ ನಾನು ಬೇಡ ಅನ್ನಬೇಕಿತ್ತು. ಸಂಜೆ ತರಗತಿಯಲ್ಲಿ ಎರಡು ವರ್ಷ ವಿದ್ಯುತ್ ಕೆಲಸ ಕಲಿತವನು ನಾನು. ಕಲಿತದ್ದು ಸರಿಯಾಗಿ ಕಲಿತೆನೇ ಎಂಬ ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ.

ಅಕ್ಕ ಬಟ್ಟೆ ಹೊಲಿಯುವವಳು. ಹನ್ನೊಂದು ತಿಂಗಳು ಬಿಡುವಾದಾಗಲೆಲ್ಲ ಹೊಲಿಗೆಯ ಮೇಜಿನ ಮೇಲೇ ಕಾಗದದಲ್ಲಿ ಅಳತೆ ಕತ್ತರಿಸಿ, ತೆಳು ಪ್ಲೈವುಡ್ ಬಗ್ಗಿಸಿ, ಒಂದು ಮೊಳದ ದೋಣಿ ಮಾಡಿದ್ದಳು. ಬ್ಯಾಟರಿಯಿಂದ ಓಡುವಂಥದ್ದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದು ಉದ್ಯಾನದ ಕೊಳದಲ್ಲಿ, ಆಟದ ದೋಣಿಗಳ ಕ್ಲಬ್ಬಿನವರೆದುರು ಇಳಿಯಬೇಕು. ಮೋಟಾರನ್ನು ನಡೆಸುವ ಸರ್ಕ್ಯೂಟು ಬೆಂಕಿಪೊಟ್ಟಣದಷ್ಟು ಚಿಕ್ಕದು. ತರಿಸಲು ಎರಡು ತಿಂಗಳು ಹಿಡಿದಿತ್ತು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆಂದು ಅದರ ಮೇಲೇ ಬರೆದಿತ್ತು.

ಈ ಪ್ಲಗ್ಗುಗಳು ಹೆಬ್ಬೆರಳಿನ ಉಗುರಿನಷ್ಟಿರುತ್ತವೆ. ಒಂದು ಕೈಯಲ್ಲಿ ವೈರು, ಇನ್ನೊಂದರಲ್ಲಿ ಬೆಸುಗೆ ಹಾಕುವ ಐರನ್ ಹಿಡಿದರೆ ಪ್ಲಗ್ಗು ಮೇಜಿನ ಮೇಲೆ ಓಡಾಡತೊಡಗುತ್ತದೆ. ಅದನ್ನು ಅಲುಗದಂತೆ ಹಿಡಿದಿಡುವ ಸಾಧನಕ್ಕೆ ಜಿಗ್ ಅನ್ನುತ್ತಾರೆ. ಮೊದಲು ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸಿದೆ. ಕಬ್ಬಿಣ ಬಿಸಿಯನ್ನೆಲ್ಲ ತಾನೇ ಕುಡಿಯಿತು. ಬೆಸುಗೆ ಮಂಕಾಗಿ ಕೂತು, ಎಳೆದರೆ ಕಿತ್ತುಬಂತು. ಆಮೇಲೆ ಬಡಗಿಯಿಂದ ಗಟ್ಟಿಮರದ ತುಂಡು ತಂದೆ. ಅದರಲ್ಲಿ ಗುಳಿ ಕೊರೆದು, ಹೊಂದುವ ಜೋಡಿ ಪ್ಲಗ್ಗನ್ನು ಬಾಯಿ ಮೇಲಾಗಿ ಕೂರಿಸಿ, ಬೆಸೆಯಬೇಕಾದದ್ದನ್ನು ಅದರ ಬಾಯಿಗೆ ಸಿಕ್ಕಿಸಿದೆ. ಹೀಗೆ ಸಿಕ್ಕಿಸಿದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಒಳಗಿನ ಲೋಹದ ಕಡ್ಡಿಗಳು ಓರೆಯಾಗುವುದಿಲ್ಲ. ಪ್ಲಗ್ಗಿನ ಪೊಟ್ಟಣದ ಮೇಲಿನ ಚಿತ್ರ ನೋಡಿಕೊಂಡು ಮರದ ಮೇಲೆ ಎಡಕ್ಕೆ ಪ್ಲಸ್ಸಿನ ಕೆಂಪು ಚುಕ್ಕಿ, ಬಲಕ್ಕೆ ಮೈನಸ್ಸಿನ ಕಪ್ಪು ಚುಕ್ಕಿ ಇಟ್ಟೆ. ದೋಣಿಗೊಂದು, ಬ್ಯಾಟರಿಗೊಂದು, ಚಾರ್ಜರಿಗೊಂದು ಪ್ಲಗ್ಗು ತಯಾರಾಯಿತು. ಬೆಸುಗೆ ಕನ್ನಡಿಯಂತೆ ಹೊಳೆಯಿತು. ಇಷ್ಟು ಚೆನ್ನಾಗಿ ಬಂದದ್ದೇ ನನಗೆ ಸರಿಕಾಣಲಿಲ್ಲ.

ಶನಿವಾರ ಬಕೆಟ್ಟಿನಲ್ಲಿ ದೋಣಿಯ ಹಿಂಭಾಗ ಅದ್ದಿ ಮೋಟಾರು ಓಡಿಸಿದೆ. ಓಡಿತು. ಊಟವಾದ ಮೇಲೆ ಇನ್ನೊಮ್ಮೆ, ಸಂಜೆ ಮೂರು ಸಲ. ಆರನೇ ಸಲಕ್ಕೆ ಬ್ಯಾಟರಿ ಪೂರ್ತಿ ಬರಿದಾಯಿತು, ಚಾರ್ಜರಿಗೆ ಹಾಕಲು ನೆನಪಾದದ್ದು ಬೆಳಿಗ್ಗೆ. ಅಕ್ಕ ಬೈಯಲಿಲ್ಲ. ಮೊದಲ ಓಟಕ್ಕೆ ಕ್ಲಬ್ಬಿನ ಹಲ್ಲಿನ ಡಾಕ್ಟರು ತಮ್ಮ ಬ್ಯಾಟರಿ ಕೊಡುತ್ತಾರೆ, ನಮ್ಮದು ತುಂಬಿದ ಮೇಲೆ ಭಾವ ತರಲಿ ಎಂದು ಹೇಳಿ, ದೋಣಿಯನ್ನು ಮಗುವಿನಂತೆ ಎತ್ತಿಕೊಂಡು ಹೋದಳು.

ಚಾರ್ಜರಿನ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ಸುಮ್ಮನಿರಲಾಗದೆ ಅದು ಬಂದಿದ್ದ ಡಬ್ಬಿ ಬಿಚ್ಚಿದೆ. ಕಾರ್ಖಾನೆಯಿಂದಲೇ ಪ್ಲಗ್ಗು ಹಾಕಿ ಬಂದಿದ್ದ ಒಂದು ವೈರು ಒಳಗಿತ್ತು; ನಾನು ಮಾಡಿದ್ದಿದೆಯಲ್ಲ ಎಂದು ಅದನ್ನು ಯಾರೂ ಮುಟ್ಟಿರಲಿಲ್ಲ. ಚಾರ್ಜರ್ ಆರಿಸಿ, ನಮ್ಮ ಬ್ಯಾಟರಿಯ ಪ್ಲಗ್ಗನ್ನು ಇದರ ಎದುರು ಹಿಡಿದೆ. ನಮ್ಮ ಕೆಂಪಿಗೆ ಅದರ ಕಪ್ಪು ಎದುರಾಗಿತ್ತು.

ಪೊಟ್ಟಣ ತೆಗೆದು ಮತ್ತೆ ನೋಡಿದೆ. ಚಿತ್ರದಲ್ಲಿ ಎಡಕ್ಕೆ ಕೆಂಪು, ನಿಜ. ಆದರೆ ಚಿತ್ರ ಬರೆದದ್ದು ಪ್ಲಗ್ಗಿನ ಬಾಯಿಯ ಕಡೆಯಿಂದ. ಜಿಗ್ಗಿನಲ್ಲಿ ಬಾಯಿ ಕೆಳಗೆ, ನಾನು ಬೆಸೆಯುವುದು ಬೆನ್ನಿನ ಕಡೆಯಿಂದ. ಎಡ ಬಲ ತಿರುಗಿತ್ತು. ಮೂರೂ ಒಂದೇ ರೀತಿ ತಪ್ಪಾಗಿದ್ದರಿಂದ ಮನೆಯೊಳಗೆ ಎಲ್ಲ ಸರಿಯಾಗಿ ನಡೆದಿತ್ತು. ಡಾಕ್ಟರ ಬ್ಯಾಟರಿ ಹೊರಗಿನದು; ಅದನ್ನು ಸೇರಿಸಿದ ಕ್ಷಣ ಸರ್ಕ್ಯೂಟು ಸುಟ್ಟುಹೋಗುತ್ತದೆ.

ಅಕ್ಕನಿಗೆ ಫೋನು ಮಾಡಿದೆ. ಹೊಲಿಗೆ ಯಂತ್ರದ ಪಕ್ಕದಲ್ಲೇ ಅವಳ ಫೋನು ಹೊಡೆದುಕೊಂಡಿತು. ಒಂಬತ್ತೂ ನಲವತ್ತು. ಒಳಗಿದ್ದ ಭಾವನಿಗೂ ಹೇಳದೆ, ಜಿಗ್ಗನ್ನು ಜೇಬಿಗೆ ತುರುಕಿ ಸೈಕಲ್ ಹತ್ತಿದೆ.

ಕೊಳದ ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ದೋಣಿಯ ಮುಚ್ಚಳ ತೆರೆದಿತ್ತು. ಡಾಕ್ಟರ ಬ್ಯಾಟರಿ ಅವಳ ಕೈಯಲ್ಲಿತ್ತು.

"ಅಕ್ಕ, ಅದನ್ನ ಸೇರಿಸಬೇಡ."

ಅವಳು ತಲೆ ಎತ್ತಲೂ ಇಲ್ಲ. "ಯಾಕೋ, ಮನೆ ಬೀಗ ಹಾಕಿದೆನೋ ಇಲ್ಲವೋ ಅಂತ ಕೇಳೋಕೆ ಬಂದ್ಯಾ?"

ಸುತ್ತಲಿದ್ದವರು ನಕ್ಕರು. ನಾನು ಹಲ್ಲು ಕೀಳಿಸಲು ಹೋದಾಗ, ಕಿತ್ತದ್ದು ಸರಿಯಾದ ಹಲ್ಲೇ ತಾನೇ ಎಂದು ನಾಲ್ಕು ಸಲ ಕೇಳಿದ್ದೆನೆಂದು ಡಾಕ್ಟರು ಎಲ್ಲರಿಗೂ ಹೇಳಿದರು. ಅದೂ ನಿಜವೇ. ಇಷ್ಟು ವರ್ಷ ಸುಳ್ಳು ಭಯಗಳನ್ನೇ ಹೊತ್ತು ತಂದವನ ಮಾತನ್ನು ಇವತ್ತು ಯಾರು ನಂಬಬೇಕು? ಪ್ಲಗ್ಗುಗಳ ನಡುವೆ ಎರಡು ಬೆರಳು ಅಂತರವಿತ್ತು. ನಾನು ನಡುವೆ ಕೈಯಿಟ್ಟೆ.

"ಇದು ಅನುಮಾನ ಅಲ್ಲ ಅಕ್ಕ. ನೋಡಿಯೇ ಬಂದೆ. ತಪ್ಪು ಮಾಡಿದ್ದೀನಿ."

ಆಗ ಅವಳು ಎರಡನ್ನೂ ಸೇರಿಸದೆ ಎದುರುಬದುರು ಹಿಡಿದು ನೋಡಿದಳು. ನಾನು ಚಿತ್ರದ ವಿಷಯ ಹೇಳತೊಡಗಿದೆ, ಅರ್ಧಕ್ಕೇ ಅವಳಿಗೆ ಹೊಳೆಯಿತು.

"ಬಟ್ಟೆ ತಿರುವಿ ಹಾಕದೆ ಎರಡೂ ಎಡಗೈ ತೋಳೇ ಕತ್ತರಿಸಿದ್ದೀಯ," ಅಂದಳು. "ನಾನೂ ಮಾಡಿದ್ದೀನಿ, ಒಂದಲ್ಲ, ಹತ್ತು ಸಲ. ಕೂತ್ಕೋ. ಈಗಲೇ ಸರಿಮಾಡು."

ಕ್ಲಬ್ಬಿನ ಪೆಟ್ಟಿಗೆಯಲ್ಲಿ ಬ್ಯಾಟರಿಯಿಂದ ಕಾಯುವ ಸಣ್ಣ ಐರನ್ ಇತ್ತು. ಜಿಗ್ಗಿನ ಮೇಲಿನ ಚುಕ್ಕಿಗಳನ್ನು ಹೊಡೆದುಹಾಕಿ ಬಲಕ್ಕೆ ಕೆಂಪು ಬರೆದೆ. ಮರ ಪ್ಲಗ್ಗನ್ನು ಅಲುಗಲು ಬಿಡಲಿಲ್ಲ. ದೋಣಿಯ ಎರಡೂ ವೈರು ಬಿಡಿಸಿ, ಅದಲುಬದಲು ಮಾಡಿ ಬೆಸೆದು, ಡಾಕ್ಟರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಈ ಸಲ ನಗದೆ, ಎರಡು ಬಾರಿ ನೋಡಿ ಸರಿ ಅಂದರು. ಅಕ್ಕನೇ ಪ್ಲಗ್ಗು ಸೇರಿಸಿದಳು. ಸರ್ಕ್ಯೂಟು ಚಾಲೂ ಆಗಿ ಮೂರು ಸಲ ಕೀ ಎಂದಿತು. ದೋಣಿ ನೀರಿಗಿಳಿದು, ಸ್ವಲ್ಪ ಎಡಕ್ಕೆ ವಾಲಿ, ಆಮೇಲೆ ನೆಟ್ಟಗಾಗಿ ಹೊರಟಿತು.

ಅದು ಆಚೆ ದಡ ಮುಟ್ಟುವಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ದೋಣಿಯ ಪ್ಲಗ್ಗು ಸರಿಹೋಯಿತು, ಮನೆಯ ಬ್ಯಾಟರಿಯದು ಹಾಗೇ ಇದೆ. ನಿನ್ನೆಯವರೆಗೆ ಈ ದೋಣಿಗೆ ಹೊಂದುತ್ತಿದ್ದ ಬ್ಯಾಟರಿಯೇ ಈಗ ಇದನ್ನು ಸುಡುತ್ತದೆ. ಭಾವ ಅದನ್ನೇ ಚೀಲಕ್ಕೆ ಹಾಕಿಕೊಂಡು ಹೊರಟಿರಬಹುದು.

ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳು ರಿಮೋಟಿನಿಂದ ಕಣ್ಣು ತೆಗೆಯಲಿಲ್ಲ.

"ಮತ್ತೆ ಇಲ್ಲೇನು ನೋಡ್ತಾ ನಿಂತಿದ್ದೀಯ? ನಿಮ್ಮ ಭಾವನ್ನ ದಾರೀಲೇ ಹಿಡಿ."

ಸೈಕಲ್ ತಿರುಗಿಸಿದೆ. ಬೆನ್ನ ಹಿಂದೆ ದೋಣಿ ಎರಡನೇ ಸುತ್ತು ಹೊರಟ ಸದ್ದು ಕೇಳಿಸಿತು. ನಾನು ನೋಡಿದ್ದು ಮೊದಲನೆಯದನ್ನು ಮಾತ್ರ. ಅದನ್ನೂ ಹೊಗೆ ಏಳುತ್ತದೆಯೇ ಎಂದು ನೋಡುವುದರಲ್ಲೇ ಕಳೆದಿದ್ದೆ.