ಗಾರೆ ಸಡಿಲಾದ ಜಾಗ

ಮೂರನೆಯ ದಿನವೂ ಯಂತ್ರದ ಪರದೆಯ ಮೇಲೆ ಅದೇ ಗೆರೆ. ಬೋದಿಲ್ ಹಲ್ಲು ಕಚ್ಚಿದಳು.

ಡೆನ್ಮಾರ್ಕಿನ ಆ ಹಳ್ಳಿಯ ಇಗರ್ಜಿಯಲ್ಲಿ, ಪೀಠದ ಮುಂದಿನ ಕಮಾನಿನ ಮೇಲೆ ಆರುನೂರು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮ ಸುಣ್ಣದ ಗಾರೆಯಲ್ಲಿ ದೇವದೂತರನ್ನು ಬರೆದಿದ್ದ. ಆ ಗಾರೆ ಒಳಗೊಳಗೇ ಕಲ್ಲನ್ನು ಬಿಟ್ಟಿದೆಯೇ ಎಂದು ನೋಡುವುದು ಅವಳ ಕೆಲಸ. ಮುಟ್ಟಿದರೆ ಬಣ್ಣ ಉದುರುತ್ತದೆ. ಹಾಗಾಗಿ ಧ್ವನಿವರ್ಧಕದಿಂದ ಗುಂಯ್ ಎಂದು ಸದ್ದು ಬಿಟ್ಟು, ಕೆಳಗಿನಿಂದಲೇ ಲೇಸರಿನ ಕೆಂಪು ಚುಕ್ಕಿಯನ್ನು ಗೇಣು ಗೇಣಾಗಿ ಸರಿಸುತ್ತ ಹೋಗಬೇಕು. ಗಟ್ಟಿ ಗಾರೆ ಸುಮ್ಮನಿರುತ್ತದೆ, ಸಡಿಲ ಗಾರೆ ನಡುಗುತ್ತದೆ. ಭಾನುವಾರ ಊರಿನ ಹನ್ನೊಂದು ಮಕ್ಕಳು ದೃಢೀಕರಣದ ಸಂಸ್ಕಾರಕ್ಕೆಂದು ಆ ಕಮಾನಿನ ಕೆಳಗೇ ಮಂಡಿಯೂರುವವರಿದ್ದರು. ಬಾಗಿಲು ತೆರೆಯಬಹುದೋ ಇಲ್ಲವೋ ಎಂದು ಈ ಶುಕ್ರವಾರ ಸಂಜೆಯೊಳಗೆ ಅವಳು ಹೇಳಬೇಕಿತ್ತು.

ಆದರೆ ಚುಕ್ಕಿ ಎಲ್ಲಿಟ್ಟರೂ ನಡುಕ ಒಂದೇ. ಇಡೀ ಕಮಾನು ಒಟ್ಟಿಗೆ ಕುಣಿಯುವುದುಂಟೇ? ಬಿಸಿಗಾಳಿಯ ಯಂತ್ರ ಆರಿಸಿದ್ದಾಯಿತು, ಗೋಪುರದ ಗಡಿಯಾರ ನಿಲ್ಲಿಸಿದ್ದಾಯಿತು, ಪಕ್ಕದ ಹೊಲದವನ ಕಾಲು ಹಿಡಿದು ಟ್ರ್ಯಾಕ್ಟರನ್ನೂ ನಿಲ್ಲಿಸಿದ್ದಾಯಿತು.

"ಇನ್ನು ದೇವರಿಗೂ ಉಸಿರು ಬಿಗಿಹಿಡ್ಕೊ ಅಂತೀಯೇನಮ್ಮ?" ಎಂದ ಇಗರ್ಜಿಯ ಪರಿಚಾರಕ ಆಸ್ಗರ್. ಮುದುಕನ ಮೊಮ್ಮಗಳು ಲಿವ್ ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳು.

"ಮೊದಲು ನೀವು ಸ್ವಲ್ಪ ಹಿಡ್ಕೊಳ್ಳಿ, ಆಸ್ಗರ್."

ಸಿಟ್ಟಿನಲ್ಲೇ ಅವಳು ಚುಕ್ಕಿಯನ್ನು ಬಾಗಿಲ ಪಕ್ಕದ ಕರಿಕಲ್ಲಿನ ಕಂಬಕ್ಕೆ ತಿರುಗಿಸಿದಳು. ಆಳೆತ್ತರದ ಬಂಡೆ ಅದು. ಅದೂ ನಡುಗಿತು. ನಡುಗುತ್ತಿದ್ದುದು ಕಮಾನಲ್ಲ, ಅವಳದೇ ಯಂತ್ರ. ಅದರ ಮುಕ್ಕಾಲಿ ನಿಂತಿದ್ದ ನೆಲಗಲ್ಲನ್ನು ಬೋದಿಲ್ ಬೂಟಿನಿಂದ ತಟ್ಟಿದಳು.

"ಈ ಚಪ್ಪಡಿ ಕೆಳಗೆ ಏನಿದೆ?"

"ಹಳೇ ಪಾದ್ರಿಗಳು ಮಲಗಿದಾರೆ. ಇಟ್ಟಿಗೆ ಗೂಡು, ಒಳಗೆಲ್ಲ ಟೊಳ್ಳು."

"ಮೂರು ದಿನದಿಂದ ನೋಡ್ತಿದೀರಿ. ಹೇಳಬಾರದಿತ್ತಾ?"

"ನೀನು ಗೋಡೆ ವಿಷಯ ಕೇಳ್ದೆ, ಹೇಳ್ದೆ. ನೆಲದ ವಿಷಯ ಎಲ್ಲಿ ಕೇಳ್ದೆ?"

ಅಗಲವಾಗಿದೆ, ಸಮವಾಗಿದೆ ಎಂದು ಯಂತ್ರ ಇಡಲು ಆ ಕಲ್ಲನ್ನು ಆರಿಸಿದ್ದವಳು ಅವಳೇ. ಸದ್ದು ಬಿಟ್ಟಾಗಲೆಲ್ಲ ಅದು ತಮಟೆಯಂತೆ ಮಿಡಿಯುತ್ತಿತ್ತು. ಯಾರನ್ನು ಬೈಯುವುದು? ಮುಕ್ಕಾಲಿಯನ್ನು ಎತ್ತಿ ಗಟ್ಟಿ ನೆಲದ ಮೂಲೆಗೆ ಒಯ್ದಳು. ಅಲ್ಲಿಂದ ಜ್ಞಾನಸ್ನಾನದ ಕಲ್ಲುತೊಟ್ಟಿಯ ಎತ್ತರದ ಮುಚ್ಚಳ ಅಡ್ಡ. ಅರ್ಧ ಕಮಾನು ಮಾತ್ರ ಕಾಣುತ್ತಿತ್ತು. ಇದ್ದಷ್ಟಾದರೂ ಸಿಗಲಿ ಎಂದು ಶುರುಮಾಡಿದಳು.

ನಾಲ್ಕು ಗಂಟೆಗೆ ಚಿತ್ರ ಮೂಡಿತು. ಕಂಡಷ್ಟು ಕಮಾನು ಶಾಂತವಾಗಿತ್ತು, ಒಂದು ಜಾಗ ಬಿಟ್ಟು. ಊಟದ ಮೇಜಿನಷ್ಟಗಲ ಗಾರೆ ಎದೆ ಬಡಿದುಕೊಳ್ಳುವಂತೆ ನಡುಗುತ್ತಿತ್ತು. ಅದರ ನೇರ ಕೆಳಗೆ ಮಂಡಿಯೂರುವ ಕಟಕಟೆ.

ಮೂರು ದಿನ ಇಂಥದೊಂದು ಸ್ಪಷ್ಟ ಚಿತ್ರಕ್ಕಾಗಿ ತಪಸ್ಸು ಮಾಡಿದವಳಿಗೆ ಈಗ ಅದನ್ನು ಅಳಿಸಿಬಿಡಬೇಕೆನ್ನಿಸಿತು.

"ತೆರೆಯೋ ಹಾಗಿಲ್ಲ," ಎಂದಳು.

ಆಸ್ಗರ್ ಪರದೆಯತ್ತ ಬಗ್ಗಿ ನೋಡಿದ. "ನಿನ್ನ ಈ ಯಂತ್ರ ಮೂರು ದಿನ ಕೆಟ್ಟು ಕೂತಿತ್ತು. ಇನ್ನೂ ಮೂರು ದಿನ ಹಾಗೇ ಇದ್ದಿದ್ರೆ ಇದಕ್ಕೇನಾಗ್ತಿತ್ತು?"

"ಇದಕ್ಕೇನೂ ಆಗ್ತಿರಲಿಲ್ಲ."

ಅವನು ಮೇಲೆ ನೋಡಿದ, ಕಟಕಟೆಯನ್ನು ನೋಡಿದ. ಟೋಪಿ ತೆಗೆದು ಎದೆಗೊತ್ತಿಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡ.

"ಲಿವ್‌ಗೆ ನೀನೇ ಹೇಳು. ನನ್ನ ಕೈಲಾಗಲ್ಲ," ಎಂದು ಮಂಡಿಯೂರುವ ಮೆತ್ತೆಗಳನ್ನು ಒಂದೊಂದಾಗಿ ಕಂಕುಳಿಗೆ ಸೇರಿಸತೊಡಗಿದ. "ಊರ ಸಭಾಭವನದ ನೆಲ ಬರೀ ಸಿಮೆಂಟು. ಮಕ್ಕಳಿಗೆ ಮಂಡಿ ನೋಯುತ್ತೆ."

ಐದು ಮೆತ್ತೆಗಳಿಗೇ ಅವನ ಕೈ ತುಂಬಿತು. ಉಳಿದ ಆರನ್ನು ಬೋದಿಲ್ ಎತ್ತಿಕೊಂಡಳು.