ಬಾಗಿಲಿಗೆ ಆನೆಹುಲ್ಲು

ಒಳಗೆ ಅತ್ತೆ ಕೆಮ್ಮಿದ್ದೇ ತಡ, ಲಾನ್ಯೆರೊ ಖಾಲಿ ಪಾತ್ರೆಯ ತಳಕ್ಕೆ ಸೌಟಿನಿಂದ ಬಾರಿಸತೊಡಗಿದಳು. ಕೆಮ್ಮು ನಿಂತ ಮೇಲೆಯೇ ಕೈ ನಿಲ್ಲಿಸಿದಳು.

"ಅದೇನೇ ಅಷ್ಟು ಅವಸರ? ಹೊತ್ತು ಮುಳುಗ್ಲಿ ತಾಳು," ಪಕ್ಕದ ಅಂಗಳದಿಂದ ಆತಿಮ್ ನಕ್ಕಳು. ಅವಳ ಕಂಕುಳಲ್ಲೂ ಒಂದು ಪಾತ್ರೆಯಿತ್ತು. "ಗೆಮೊ ಊಟನಾದ್ರೂ ಮಾಡ್ಕೊಂಡು ಹೋಗ್ಲಿ."

"ಕೈ ಪಳಗ್ಲಿ ಅಂತ ಕಣೇ."

"ನಿಮ್ಮತ್ತೆ ಎಲ್ಲಿ, ಕಾಣೋದೇ ಇಲ್ಲ? ನನ್ನ ಮಕ್ಕಳು ಅಜ್ಜಿ ಅಜ್ಜಿ ಅಂತ ಪ್ರಾಣ ತಿಂತಾವೆ."

"ಮಲಗವ್ರೆ. ಸೊಂಟನೋವು."

ನಿನ್ನೆಯೂ ಅವಳು ಇದನ್ನೇ ಹೇಳಿದ್ದಳು. ಹೇಳುವಾಗೆಲ್ಲ ನಾಚಿಕೆಯಾಗುತ್ತಿತ್ತು.

ಪಟ್ಟಣದವರು ಕೊರೊನಾ ಎನ್ನುತ್ತಿದ್ದರು. ಗುಲು ಸೀಮೆಯ ಹಿರಿಯರಿಗೆ ಅದು ಗಾಳಿಯ ಬೆನ್ನೇರಿ ಬಂದು ರೋಗ ಹರಡುವ ದೆವ್ವ, ಗೆಮೊ. ಎಬೋಲಾ ಬಂದಾಗಲೂ ಅದೇ ಹೆಸರು. ಸದ್ದು ಮಾಡಿ ಅದನ್ನು ಹೊಳೆಗೆ ಅಟ್ಟಿ ಎಂದು ರೇಡಿಯೊದಲ್ಲಿ ಹೇಳಿದ್ದರು. ಹೊತ್ತು ಮುಳುಗುತ್ತಲೇ ಊರಿಗೆ ಊರೇ ತಗಡು, ತಟ್ಟೆ, ಪಾತ್ರೆ ಬಡಿಯುತ್ತ ಹೊರಟಿತು. ಲಾನ್ಯೆರೊ ಅಂಗಳ ಬಿಟ್ಟು ಕದಲಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲರಿಗಿಂತ ಜೋರಾಗಿ ಬಾರಿಸಿದಳು.

"ಸಾಕು ನಿಲ್ಸೇ," ಒಳಗಿನಿಂದ ಅತ್ತೆ ಲಾಕೊತ್ ಕರೆದಳು. "ಯಾರನ್ನ ಓಡಿಸ್ತಿದೀಯ? ಅದು ಇಲ್ಲಿ ನನ್ನ ಪಕ್ಕದಲ್ಲೇ ಮಲಗೈತೆ. ಹೋಗಿ ಆನೆಹುಲ್ಲು ಕುಯ್ಕೊಂಡು ಬಾ."

ಬಾಗಿಲ ಆಚೀಚೆ ಒಂದೊಂದು ಆನೆಹುಲ್ಲಿನ ದಂಟು ನೆಟ್ಟರೆ ಮುಗಿಯಿತು, ಒಳಗೆ ಗೆಮೊ ಇದೆಯೆಂದು ಗುರುತು; ಆ ಮನೆಗೆ ಯಾರೂ ಕಾಲಿಡುವುದಿಲ್ಲ. ಅಲ್ಲಿ ಸತ್ತವರನ್ನು ಮನೆಯಂಗಳದಲ್ಲಿ ಹೂಳುವಂತೆಯೂ ಇಲ್ಲ.

"ಆಗಲ್ಲ ಅತ್ತೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನ ಮಾವನ ಪಕ್ಕ ಇಡಕ್ಕೆ ಬಿಡ್ತಾರಾ? ಊರಾಚೆ ಪೊದೇಲಿ ಹೂಳ್ತಾರೆ."

"ಹೂಳ್ಲಿ. ಎಬೋಲಾ ವರ್ಷ ನನ್ನ ತಂಗೀನ ಅಲ್ಲೇ ಹೂಳಿದ್ದು. ಅವಳ ಬಾಗಿಲಿಗೆ ನಾನೇ ಹುಲ್ಲು ನೆಟ್ಟಿದ್ದೆ." ಮುದುಕಿ ಉಸಿರಿಗಾಗಿ ತಡೆದಳು. "ನಿಮ್ಮ ಮಾವನ ಗೊರಕೆ ಜೀವಮಾನವೆಲ್ಲ ಕೇಳಿದ್ದಾಯ್ತು. ಇನ್ನು ತಂಗಿ ಪಕ್ಕ ಮಲಗ್ತೀನಿ. ಆತಿಮ್ ಮಕ್ಕಳು ನನ್ನ ತಟ್ಟೆಗೇ ಕೈ ಹಾಕ್ತಾವೆ ಕಣೇ. ಹೋಗು."

ಲಾನ್ಯೆರೊಗೆ ಅಳು ಬಂತು, ಅತ್ತೆಯ ಮೇಲೆ ಸಿಟ್ಟೂ ಬಂತು. ಕುಡುಗೋಲು ತೆಗೆದುಕೊಂಡು ಹೋದಳು.

ಹೊಳೆಯಿಂದ ಹಿಂದಿರುಗಿದ ಆತಿಮ್ ಏನೋ ತಮಾಷೆ ಹೇಳುತ್ತಲೇ ಅಂಗಳಕ್ಕೆ ಕಾಲಿಟ್ಟಳು. ಬಾಗಿಲ ಆಚೀಚೆ ನೆಟ್ಟ ದಂಟುಗಳನ್ನು ಕಂಡು, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು.

"ಸೊಂಟನೋವು ಅಂದಿದ್ಯಲ್ಲೇ," ಎಂದಳು.

ಲಾನ್ಯೆರೊ ತಲೆ ತಗ್ಗಿಸಿಕೊಂಡೇ ದಂಟಿನ ಬುಡಕ್ಕೆ ಮಣ್ಣು ಒತ್ತಿದಳು. ಆತಿಮ್ ಮಕ್ಕಳ ಹೆಸರು ಕೂಗುತ್ತ ತನ್ನ ಮನೆಯ ಕಡೆ ಓಡಿದಳು.

ಬೆಳಿಗ್ಗೆ ಬಾಗಿಲು ತೆಗೆದಾಗ, ಅಂಗಳದಾಚೆಯ ಮಾವಿನ ಮರದಡಿ ಆತಿಮ್‌ಳ ಪಾತ್ರೆ ಇತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ಒಳಗೆ ರಾಗಿ ಗಂಜಿ, ಇನ್ನೂ ಬಿಸಿ. ನಿನ್ನೆ ಬಡಿದ ಬಡಿತಕ್ಕೆ ತಳ ಸೊಟ್ಟಗಾಗಿ ಪಾತ್ರೆ ನೆಟ್ಟಗೆ ಕೂರುತ್ತಿರಲಿಲ್ಲ. ಚೆಲ್ಲದಿರಲೆಂದು ಒಂದು ಪಕ್ಕಕ್ಕೆ ಚಿಕ್ಕ ಕಲ್ಲು ಒತ್ತು ಕೊಟ್ಟಿದ್ದಳು.